ಉಸಿರು ಸಾಲದಿದ್ದರೆ ನಿಧಾನ ಓಡಿ: ಹೊಸ ಓಟಗಾರರ ಪ್ರಶ್ನೆಗಳಿಗೆ ಉತ್ತರ

ಹೊಸದಾಗಿ ಓಡೋಕೆ ಶುರು ಮಾಡಿದವರು ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಈ ಸಲ ಮೈಸೂರು, ಮಂಡ್ಯದಿಂದ ಬಂದ ಪತ್ರಗಳನ್ನು ತೆಗೆದುಕೊಂಡಿದ್ದೇನೆ. ನಾನೂ ಕುಕ್ಕರಹಳ್ಳಿ ಕೆರೆ ದಂಡೆಯಲ್ಲೇ ಓಟ ಕಲಿತವಳು.

ಮೇಡಂ, ನನಗೆ 43 ವರ್ಷ, ಇಡೀ ದಿನ ಕೂತು ಮಾಡುವ ಕೆಲಸ. ಎರಡು ವಾರದಿಂದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಓಡೋಕೆ ಹೋಗುತ್ತಿದ್ದೇನೆ. ಎರಡು ನಿಮಿಷ ಆಗುವಷ್ಟರಲ್ಲಿ ಏದುಸಿರು, ಪಕ್ಕೆ ಹಿಡಿದುಕೊಳ್ಳುತ್ತೆ. ನನಗಿಂತ ದೊಡ್ಡವರು ಆರಾಮಾಗಿ ಓಡಿಕೊಂಡು ಮುಂದೆ ಹೋಗುತ್ತಾರೆ. ಈ ವಯಸ್ಸಲ್ಲಿ ನನ್ನ ಕೈಲಿ ಆಗಲ್ವಾ?
— ಓದುಗರು, ಕುವೆಂಪುನಗರ, ಮೈಸೂರು

ಖಂಡಿತ ಆಗುತ್ತೆ. ನೀವು ಜಾಸ್ತಿ ಜೋರಾಗಿ ಓಡುತ್ತಿದ್ದೀರಿ, ಅಷ್ಟೇ. ಓಟ ಅಂದರೆ ನಮಗೆಲ್ಲ ಮೊದಲು ನೆನಪಾಗೋದು ಸ್ಕೂಲಿನ ನೂರು ಮೀಟರ್. ಸೀಟಿ ಊದಿದ ತಕ್ಷಣ ಬಿದ್ದಂಬೀಳ ಓಡೋದು. ಅದೇ ಅಭ್ಯಾಸ 43ರಲ್ಲೂ ಕಾಲಿನಲ್ಲಿ ಉಳಿದಿರುತ್ತೆ. ನಿಮ್ಮನ್ನು ದಾಟಿ ಹೋದ ಆ ಹಿರಿಯರ ಕಾಲನ್ನು ನಾಳೆ ಸರಿಯಾಗಿ ಗಮನಿಸಿ. ಹೆಜ್ಜೆ ಸಣ್ಣದು, ಪಾದ ನೆಲದಿಂದ ಹೆಚ್ಚು ಮೇಲೆ ಏಳೋದೇ ಇಲ್ಲ, ಭುಜ ಸಡಿಲ, ಪಕ್ಕದವರ ಜೊತೆ ಮಗಳ ಮದುವೆ ವಿಷಯ ಮಾತಾಡಿಕೊಂಡೇ ಓಡುತ್ತಿರುತ್ತಾರೆ. ಆ ಮಾತೇ ಅಳತೆಗೋಲು. ನೀವು ಒಬ್ಬರೇ ಓಡುವಾಗ ಏಳರ ಮಗ್ಗಿ ಹೇಳಿ ನೋಡಿ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ಸಲೀಸಾಗಿ ಬಂದರೆ ವೇಗ ಸರಿ ಇದೆ. ಏಳ್ಮೂರ್ಲ ಬರುವಷ್ಟರಲ್ಲಿ ಬಾಯಿ ತೆರೆದು ಉಸಿರು ಎಳೆಯಬೇಕಾದರೆ ನಿಧಾನ ಮಾಡಿ. ಅದಕ್ಕೂ ಆಗದಿದ್ದರೆ ನಡೆಯಿರಿ, ನಡೆದರೆ ಏನೂ ತಪ್ಪಿಲ್ಲ.

ಶುರುವಿಗೆ ಹೀಗೆ ಮಾಡಿ. ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಇದನ್ನೇ ಎಂಟು ಸಲ. ಕೊನೆಗೆ ಐದು ನಿಮಿಷ ನಡಿಗೆ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು ಇರಲಿ. ಎರಡನೇ ವಾರವೂ ಇದೇ ಇದ್ದರೆ ನಷ್ಟವಿಲ್ಲ. ಆಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಓಟ ಬೆಳೆಸುತ್ತಾ ನಡಿಗೆ ಕಡಿಮೆ ಮಾಡಿ. ಎಷ್ಟೋ ಜನಕ್ಕೆ ಎರಡು, ಎರಡೂವರೆ ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡೋಕೆ ಬರುತ್ತೆ. ನಿಮಗೆ ನಾಲ್ಕು ತಿಂಗಳು ಹಿಡಿದರೂ ಹಿಡಿಯಲಿ.

ಕೆರೆಯ ಒಂದು ಸುತ್ತು ಸುಮಾರು ನಾಲ್ಕೂವರೆ ಕಿಲೋಮೀಟರ್ ಆಗುತ್ತೆ. ಸುತ್ತು ಮುಗಿಸಲೇಬೇಕು ಅಂತ ಈಗಲೇ ಹಟ ಬೇಡ. ಅರ್ಧ ದಾರಿಯಲ್ಲಿ ಸುಸ್ತಾದರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ. ಗಡಿಯಾರ ನೋಡಿ ಅರ್ಧ ಹೊತ್ತು ಮುಂದಕ್ಕೆ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಪಕ್ಕೆ ಹಿಡಿದರೆ ಓಟ ನಿಲ್ಲಿಸಿ ನಡೆಯುತ್ತಾ ಉಸಿರನ್ನು ಪೂರ್ತಿ ಹೊರಗೆ ಬಿಡಿ, ನೋಯುವ ಜಾಗವನ್ನು ಬೆರಳಿಂದ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಬಿಡುತ್ತೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಬಿಪಿ, ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಹೃದಯದ ತೊಂದರೆ ಬಂದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಓಡುವಾಗ ಎದೆ ಬಿಗಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಗೆ ಹೋಗಿ ಮಲಗಬೇಡಿ, ನೇರ ಆಸ್ಪತ್ರೆಗೆ ಹೋಗಿ.

ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಶೂ ನೋಡಿ ಬಂದೆ. ಹತ್ತು ಸಾವಿರದ್ದೂ ತೋರಿಸಿದರು. ಅಷ್ಟು ಕೊಡಬೇಕಾ? ಟ್ರ್ಯಾಕ್ ಪ್ಯಾಂಟ್, ವಾಚ್ ಎಲ್ಲಾ ಬೇಕಾ?
— ಓದುಗರು, ಸರಸ್ವತಿಪುರಂ, ಮೈಸೂರು

ವಾಚ್ ಬೇಡ, ಟೈಮ್ ನೋಡೋಕೆ ಫೋನ್ ಸಾಕು. ಶೂಗೆ ಮಾತ್ರ ದುಡ್ಡು ಖರ್ಚು ಮಾಡಿ, ಆದರೆ ಹತ್ತು ಸಾವಿರ ಬೇಕಿಲ್ಲ. ಬೆಲೆಗಿಂತ ಅಳತೆ ಮುಖ್ಯ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ, ಓಡುವಾಗಲೂ ಹಾಗೇ ಊದುತ್ತೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಶೂ ಹಾಕಿ ನಿಂತುಕೊಂಡು ನೋಡಿ. ಉದ್ದದ ಬೆರಳಿಗೂ ಶೂ ತುದಿಗೂ ನಡುವೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಹಿಮ್ಮಡಿ ಜಾರಬಾರದು. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ, ಸಂಕೋಚ ಬೇಡ. ನಾನು ಮೊದಲ ಜೊತೆ ಕೊಳ್ಳುವಾಗ ಚಪ್ಪಲಿ ನಂಬರನ್ನೇ ಹೇಳಿ ತಂದಿದ್ದೆ. ಒಂದೂವರೆ ತಿಂಗಳಿಗೆ ಎರಡು ಕಾಲಿನ ಹೆಬ್ಬೆರಳ ಉಗುರೂ ಕಪ್ಪಾಗಿ, ಒಂದು ಉಗುರು ಕಳಚಿಯೇ ಬಂತು. ಒಂದು ನಂಬರ್ ದೊಡ್ಡದು ತಂದ ಮೇಲೆ ಆ ಕಾಟ ತಪ್ಪಿತು.

ಒಳ್ಳೆ ಜೊತೆ 500ರಿಂದ 800 ಕಿಲೋಮೀಟರ್ ಬರುತ್ತೆ. ಮೇಲೆ ಹೊಸದಾಗೇ ಕಂಡರೂ ಶೂ ಅಡಿಯ ಮೆತ್ತೆ ಅಷ್ಟರಲ್ಲಿ ಸತ್ತಿರುತ್ತೆ. ಪೂರ್ತಿ ಹತ್ತಿಯ ಸಾಕ್ಸ್ ಬೆವರು ಹಿಡಿದು ಬೊಬ್ಬೆ ಎಬ್ಬಿಸುತ್ತೆ, ಬೇಗ ಒಣಗುವಂಥದ್ದು ತಗೊಳ್ಳಿ. ಹೆಣ್ಣುಮಕ್ಕಳಿಗೆ ಶೂನಷ್ಟೇ ಮುಖ್ಯ ಗಟ್ಟಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ. ಅದನ್ನು ಕೇಳೋಕೆ ನಾಚಿಕೊಂಡು ನೋವು ತಿನ್ನುವವರನ್ನು ನೋಡಿ ನನಗೆ ಸಂಕಟ ಆಗುತ್ತೆ, ದಯವಿಟ್ಟು ಕೇಳಿ ತಗೊಳ್ಳಿ. ತೊಡೆ ಉಜ್ಜುವ ಕಡೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಉಳಿದಂತೆ ಮನೆಯಲ್ಲಿರುವ ಟೀ ಶರ್ಟ್, ಪ್ಯಾಂಟ್ ಸಾಕು.

ಮುದ್ದೆ ತಿಂದು ಓಡಬಹುದಾ?
— ಓದುಗರು, ಮದ್ದೂರು

ಮುದ್ದೆ ಊಟ ಆದ ಮೇಲೆ ಮೂರು ಗಂಟೆ ಬಿಡಿ. ರಾತ್ರಿ ಮುದ್ದೆ ಬಸ್ಸಾರು ಉಂಡು ಬೆಳಿಗ್ಗೆ ಓಡಿದರೆ ಅದಕ್ಕಿಂತ ಒಳ್ಳೇದು ಇಲ್ಲ. ಬೆಳಿಗ್ಗೆ ಹೊಟ್ಟೆ ಚುರುಗುಟ್ಟಿದರೆ ಒಂದು ಬಾಳೆಹಣ್ಣು ತಿನ್ನಿ. ಒಂದು ಗಂಟೆಯೊಳಗಿನ ಓಟಕ್ಕೆ ನೀರು ಸಾಕು, ಬಣ್ಣದ ಪಾನೀಯ ಯಾವುದೂ ಬೇಡ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಬರಿಹೊಟ್ಟೆಯಲ್ಲಿ ಓಡಬೇಡಿ.

ಅಕ್ಕಾ, ಪೊಲೀಸ್ ಕಾನ್‌ಸ್ಟೇಬಲ್ ಸೆಲೆಕ್ಷನ್‌ಗೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರ್ 6 ನಿಮಿಷ 30 ಸೆಕೆಂಡಲ್ಲಿ ಓಡಬೇಕು. ನನಗೆ ಏಳೂಕಾಲು ನಿಮಿಷ ಆಗುತ್ತೆ. ದಿನಾ ಬೆಳಿಗ್ಗೆ ಟಾರ್ ರೋಡಲ್ಲಿ ಕ್ಯಾನ್ವಾಸ್ ಶೂ ಹಾಕಿ 1600 ಫುಲ್ ಸ್ಪೀಡಲ್ಲಿ ಹೊಡೀತೀನಿ. ಒಂದು ತಿಂಗಳಾಯ್ತು, ಟೈಮ್ ಇಳಿದಿಲ್ಲ, ಮೊಣಕಾಲ ಕೆಳಗೆ ಮುಂದಿನ ಮೂಳೆ ನೋವು ಶುರುವಾಗಿದೆ.
— ಓದುಗರು, ಮಂಡ್ಯ ತಾಲ್ಲೂಕು

ನೋಡಪ್ಪಾ, ದಿನಾ ಪರೀಕ್ಷೆ ಬರೆದರೆ ಓದೋಕೆ ಟೈಮ್ ಎಲ್ಲಿ? ನೀನು ಮಾಡುತ್ತಿರೋದು ಅದೇ. ಉಸಿರು ಕೆಲವೇ ವಾರದಲ್ಲಿ ಸುಧಾರಿಸುತ್ತೆ. ಮೂಳೆ, ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಮೊದಲ ಪತ್ರದವರಿಗೆ ನಿಧಾನ ಅಂದಿದ್ದೂ ಇದಕ್ಕೇ.

ಮೊದಲು ನೋವು. ಆ ಮೂಳೆಯ ಒಳಬದಿಯಲ್ಲಿ ಬೆರಳಿಟ್ಟು ಮೇಲಿಂದ ಕೆಳಗೆ ಒತ್ತಿಕೊಂಡು ಬಾ. ಗೇಣುದ್ದ ನೋಯುತ್ತಿದ್ದರೆ ಅದು ಹೊಸಬರಿಗೆ ಸಾಮಾನ್ಯವಾಗಿ ಬರುವ ಶಿನ್ ನೋವು. ಎರಡು ವಾರ ಓಟ ಬಿಟ್ಟು ಸೈಕಲ್ ತುಳಿ, ಐಸ್ ಇಡು, ಮೀನಖಂಡಕ್ಕೆ ವ್ಯಾಯಾಮ ಮಾಡು: ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು, ಹದಿನೈದರಂತೆ ಮೂರು ಸಲ. ಆದರೆ ಒಂದೇ ಚುಕ್ಕೆಯಲ್ಲಿ, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಜೀವ ಹೋಗುವಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಮೂಳೆ ಡಾಕ್ಟರಿಗೆ ತೋರಿಸು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಇದು ಕಾಣದೇ ಇರಬಹುದು, ಎಕ್ಸ್‌ರೇ ಸರಿ ಇದೆ ಅಂತ ಮತ್ತೆ ಓಡೋಕೆ ಇಳಿಯಬೇಡ.

ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ನಾಲ್ಕೇ ದಿನ ಓಡು. ಮೂರು ದಿನ ಮಣ್ಣಿನ ದಾರಿಯಲ್ಲಿ, ಮಾತಾಡಿಕೊಂಡು ಓಡುವ ವೇಗದಲ್ಲಿ, 20 ನಿಮಿಷದಿಂದ ಶುರು ಮಾಡಿ 35ಕ್ಕೆ ತಾ. ನಾಲ್ಕನೇ ದಿನದ ವೇಗದ ಓಟವನ್ನು ಮೂರು ವಾರ ಆದ ಮೇಲೆ ಸೇರಿಸು. ಲೆಕ್ಕ ಹೀಗಿದೆ: 390 ಸೆಕೆಂಡಿಗೆ 400 ಮೀಟರಿನ ನಾಲ್ಕು ಸುತ್ತು ಅಂದರೆ ಸುತ್ತಿಗೆ ಸುಮಾರು 97 ಸೆಕೆಂಡ್. ಸ್ಟೇಡಿಯಂ ಟ್ರ್ಯಾಕಲ್ಲಿ ಒಂದು ಸುತ್ತು 95 ಸೆಕೆಂಡಲ್ಲಿ ಓಡು, ಮೂರು ನಿಮಿಷ ನಡಿ, ಮತ್ತೆ ಓಡು. ಮೊದಲು ಮೂರು ಸುತ್ತು, ಆಮೇಲೆ ನಾಲ್ಕು, ಐದು. ನಡಿಗೆಯನ್ನು ನಿಧಾನಕ್ಕೆ ಒಂದೂವರೆ ನಿಮಿಷಕ್ಕೆ ಇಳಿಸು. ಪೂರ್ತಿ 1600ಕ್ಕೆ ಟೈಮ್ ಹಿಡಿಯೋದು ಮೂರು ವಾರಕ್ಕೊಮ್ಮೆ ಸಾಕು. ಅವತ್ತು ಮೊದಲ ಸುತ್ತಲ್ಲಿ ಎಲ್ಲರ ಮುಂದೆ ಓಡುವ ಆಸೆಗೆ ಬೀಳಬೇಡ. 80 ಸೆಕೆಂಡಲ್ಲಿ ಮೊದಲ ಸುತ್ತು ಮುಗಿಸಿದವನು ಮೂರನೇ ಸುತ್ತಲ್ಲಿ ಕಾಲೆಳೆಯುತ್ತಾನೆ.

ಕ್ಯಾನ್ವಾಸ್ ಶೂ ಬಿಡು, ಸೆಲೆಕ್ಷನ್ ಪುಸ್ತಕದ ದುಡ್ಡಲ್ಲಿ ಸ್ವಲ್ಪ ಉಳಿಸಿ ಸಾಧಾರಣ ರನ್ನಿಂಗ್ ಶೂ ತಗೋ. ಟಾರ್ ರೋಡ್ ಬಿಟ್ಟು ನಾಲೆ ಏರಿಯ ಮಣ್ಣು ಹಿಡಿ, ಆದರೆ ಬೆಳಕು ಹರಿದ ಮೇಲೆ. ರೋಡಲ್ಲೇ ಓಡಬೇಕಾದ ದಿನ ಗಾಡಿಗಳಿಗೆ ಎದುರಾಗಿ, ಬಲಗಡೆ ಅಂಚಲ್ಲಿ, ಬಿಳಿ ಬನಿಯನ್ ಹಾಕಿ ಓಡು. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದಿನ ಟ್ರೈಲರಿಗೆ ಎಷ್ಟೋ ಸಲ ದೀಪವೇ ಇರಲ್ಲ, ಕಬ್ಬು ಎರಡೂ ಕಡೆ ಮೊಳದುದ್ದ ಚಾಚಿರುತ್ತೆ. ಅದು ಬರುತ್ತಿದ್ದರೆ ರೋಡ್ ಬಿಟ್ಟು ಕೆಳಗೆ ಇಳಿದು ನಿಲ್ಲು. ಎರಡು ತಿಂಗಳು ಬಿಟ್ಟು ನಿನ್ನ ಟೈಮ್ ಎಷ್ಟಾಯ್ತು ಅಂತ ಬರಿ, ಕಾಯ್ತಿರ್ತೀನಿ.