ಗಿಡಕ್ಕೆ ಒಂದು ಕೆಜಿ ಜಾಸ್ತಿ: ಸ್ಪ್ರೇಯಿಂದಲೋ, ಸುಮ್ನೆಯೋ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ರೋಬಸ್ಟಾ ತೋಟ. ಗೊಬ್ಬರದ ಅಂಗಡಿಯವರು ಕೊಟ್ಟ ಜಿಂಕ್, ಬೋರಾನ್ ಸ್ಪ್ರೇಯನ್ನು ಹಳ್ಳದ ಬದಿಯ ಆರು ಗಿಡಕ್ಕೆ ಹೊಡೆಸಿದೆ. ದಿಬ್ಬದ ಮೇಲಿನ ಆರು ಗಿಡ ಹಾಗೇ ಬಿಟ್ಟೆ. ಕೊಯ್ಲಿನಲ್ಲಿ ಒಂದೊಂದು ಗಿಡದ ಹಣ್ಣನ್ನೂ ಬೇರೆ ಬೇರೆ ತೂಗಿಸಿದೆ. ಹೊಡೆದವು: 6, 4, 7, 5, 8, 6 ಕೆಜಿ. ಹೊಡೆಯದವು: 4, 5, 3, 6, 5, 7 ಕೆಜಿ. ಸರಾಸರಿ ಒಂದು ಕೆಜಿ ಜಾಸ್ತಿ. ‘ಇನ್ನೇನು ಸಾಕ್ಷಿ ಬೇಕು, ಇಡೀ ತೋಟಕ್ಕೆ ಹೊಡೆಸಿ’ ಅನ್ನುತ್ತಾರೆ ಅಂಗಡಿಯವರು. ಬಿಎಸ್ಸಿ ಓದುವ ಮಗಳು ‘ಟಿ-ಟೆಸ್ಟ್ ಮಾಡದೆ ದುಡ್ಡು ಹಾಕಬೇಡಿ ಅಪ್ಪ’ ಅನ್ನುತ್ತಾಳೆ. ಏನಿದು?
(ಬೆಳೆಗಾರ, ಮೂಡಿಗೆರೆ)

ಉತ್ತರ: ಮಗಳ ಮಾತು ಕೇಳಿ. ನೀವು ಗಿಡ ಗಿಡಕ್ಕೂ ಬೇರೆ ತೂಗಿಸಿದಿರಲ್ಲ, ಅದಕ್ಕೂ ಶಹಬ್ಬಾಸ್. ಎಷ್ಟೋ ಜನ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ‘36 ಕೆಜಿ, 30 ಕೆಜಿ’ ಅಂತ ಬರೆದು ಕಳಿಸುತ್ತಾರೆ. ಅದನ್ನು ಇಟ್ಟುಕೊಂಡು ಯಾರೂ ಏನೂ ಹೇಳಲಾರರು.

ಸ್ಪ್ರೇ ಕಾಣದ ಗಿಡಗಳನ್ನೇ ನೋಡಿ. ಒಂದರಲ್ಲಿ 3, ಇನ್ನೊಂದರಲ್ಲಿ 7. ಯಾರೂ ಏನೂ ಮಾಡದೆಯೇ ನಾಲ್ಕು ಕೆಜಿ ಏರುಪೇರು! ಇಂಥ ತೋಟದಲ್ಲಿ ಒಂದು ಕೆಜಿ ವ್ಯತ್ಯಾಸ ದೊಡ್ಡದಾ? ಟಿ-ಟೆಸ್ಟ್ ಕೇಳುವುದು ಇದೊಂದನ್ನೇ. ಮೊದಲು ‘ಸ್ಪ್ರೇಯಿಂದ ಏನೂ ಆಗಿಲ್ಲ’ ಅಂತ ಇಟ್ಟುಕೊಳ್ಳುತ್ತೇವೆ. ಇದೇ ನಲ್ ಹೈಪಾಥಿಸಿಸ್. ಹಾಗಿದ್ದರೂ ಇಷ್ಟು ವ್ಯತ್ಯಾಸ ತಾನಾಗಿ ಬರಬಹುದಾ ಅಂತ ಆಮೇಲೆ ನೋಡುತ್ತೇವೆ.

ಲೆಕ್ಕ ಕಷ್ಟವಿಲ್ಲ. ಹೊಡೆಯದ ಗುಂಪಿನ ಸರಾಸರಿ 5. ಪ್ರತಿ ಗಿಡದ ತೂಕದಿಂದ 5 ಕಳೆದು, ಬಂದದ್ದನ್ನು ವರ್ಗ ಮಾಡಿ ಕೂಡಿಸಿದರೆ 10. ಅದನ್ನು ಆರಕ್ಕೆ ಒಂದು ಕಡಿಮೆ, ಅಂದರೆ 5ರಿಂದ ಭಾಗಿಸಿದರೆ 2. ಹೊಡೆದ ಗುಂಪಿಗೂ 2 ಬರುತ್ತದೆ. ಈಗ ಎರಡು ಭಾಗಿಸು ಆರು, ಅದಕ್ಕೆ ಇನ್ನೊಂದು ಎರಡು ಭಾಗಿಸು ಆರು ಕೂಡಿಸಿ ವರ್ಗಮೂಲ ತೆಗೆಯಿರಿ: 0.82. ನಿಮ್ಮ ಒಂದು ಕೆಜಿಯನ್ನು ಇದರಿಂದ ಭಾಗಿಸಿದರೆ 1.22. ಇದೇ ಟಿ. 12 ಗಿಡಗಳಲ್ಲಿ ಎರಡು ಸರಾಸರಿಗೆ ಎರಡು ಕಳೆದು, ಟಿ ಕೋಷ್ಟಕದಲ್ಲಿ 10ರ ಸಾಲು ನೋಡಬೇಕು. ಶೇ. 5ರ ಗಡಿ, ಅಂದರೆ ಸ್ಪ್ರೇಯಿಂದ ಏನೂ ಆಗದಿದ್ದರೂ ನೂರಕ್ಕೆ ಐದೇ ಸಲ ತಾನಾಗಿ ದಾಟುವ ಗೆರೆ, ಅಲ್ಲಿ 2.228. ನಿಮ್ಮದು ಅದರ ಹತ್ತಿರವೂ ಇಲ್ಲ. ಸ್ಪ್ರೇ ಬರೀ ನೀರಾಗಿದ್ದರೂ ಸುಮಾರು ನಾಲ್ಕು ಸಲಕ್ಕೆ ಒಂದು ಸಲ ಇಷ್ಟು ಅಥವಾ ಇನ್ನೂ ಹೆಚ್ಚಿನ ವ್ಯತ್ಯಾಸ ಈ ಕಡೆಗೋ ಆ ಕಡೆಗೋ ಕಾಣುತ್ತದೆ. ಈ ‘ನಾಲ್ಕಕ್ಕೆ ಒಂದು’, ಅಂದರೆ ಸುಮಾರು 0.25, ಇದನ್ನೇ ಪಿ ಬೆಲೆ ಅನ್ನುತ್ತಾರೆ.

ಹಾಗಂತ ಸ್ಪ್ರೇ ದಂಡ ಅಂತ ತೀರ್ಮಾನಿಸಬೇಡಿ. ಸರಾಸರಿ, ಏರುಪೇರು ಎರಡೂ ಹೀಗೇ ಇದ್ದು, ಗುಂಪಿಗೆ 20 ಗಿಡ ಇದ್ದಿದ್ದರೆ ಟಿ 2.24 ಆಗುತ್ತಿತ್ತು, ಗಡಿ 2.02ಕ್ಕೆ ಇಳಿಯುತ್ತಿತ್ತು. ಆಗ ಅಂಗಡಿಯವರ ಮಾತಿಗೆ ಬೆಲೆ ಬರುತ್ತಿತ್ತು. ಆರು ಗಿಡ ಸಾಲದು, ಅಷ್ಟೇ.

ಆದರೆ ನನಗೆ ಕಸಿವಿಸಿ ಆದದ್ದು ಟಿ ನೋಡಿ ಅಲ್ಲ, ನಿಮ್ಮ ಕಾಗದದ ‘ಹಳ್ಳದ ಬದಿ’ ಅನ್ನೋ ಮಾತು ನೋಡಿ. ಅಲ್ಲಿ ತೇವ ಜಾಸ್ತಿ, ಮೇಲಿನಿಂದ ಕೊಚ್ಚಿ ಬಂದ ಗೋಡು ಜಾಸ್ತಿ. ಟಿ 5 ಬಂದಿದ್ದರೂ ಅದು ಸ್ಪ್ರೇ ಗುಣವೋ ಹಳ್ಳದ ಗುಣವೋ ಯಾರಿಗೆ ಗೊತ್ತು? ಇದಕ್ಕೆ ಯಾವ ಸೂತ್ರದಲ್ಲೂ ಮದ್ದಿಲ್ಲ. ಮುಂದಿನ ಸಲ ಒಂದೇ ವಯಸ್ಸಿನ, ಒಂದೇ ನೆರಳಿನ ಅಕ್ಕಪಕ್ಕದ ಗಿಡಗಳನ್ನು ಜೋಡಿ ಮಾಡಿ. ಯಾವುದಕ್ಕೆ ಹೊಡೆಯಬೇಕು ಅನ್ನೋದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ನೀವೂ ಆರಿಸಬೇಡಿ, ಅಂಗಡಿಯವರಂತೂ ಬೇಡವೇ ಬೇಡ. ಜೋಡಿಯ ಎರಡು ಗಿಡಗಳ ನಡುವೆ ಒಂದು ಗಿಡವನ್ನು ಲೆಕ್ಕಕ್ಕೆ ಸೇರಿಸದೆ ಬಿಡಿ, ಗಾಳಿಗೆ ಸ್ಪ್ರೇ ಹಾರುತ್ತದೆ. ಕೊನೆಗೆ ಪ್ರತಿ ಜೋಡಿಯ ವ್ಯತ್ಯಾಸದ ಮೇಲೆ ಮಾತ್ರ ಲೆಕ್ಕ ಮಾಡಿ. ಅದಕ್ಕೆ ಪೇರ್ಡ್ ಟಿ-ಟೆಸ್ಟ್ ಅನ್ನುತ್ತಾರೆ.

ಗಡಿ ದಾಟಿದರೂ ಖರ್ಚು ನೋಡಿ. ಒಂದು ಕೆಜಿ ರೋಬಸ್ಟಾ ಹಣ್ಣು ಒಣಗಿಸಿ ಸಿಪ್ಪೆ ತೆಗೆಸಿದರೆ ಸಿಗುವುದು ಸುಮಾರು 200 ಗ್ರಾಂ ಬೀಜ. ಸ್ಪ್ರೇ ಬೆಲೆ, ಆಳಿನ ಕೂಲಿ ಅದರಲ್ಲಿ ಹುಟ್ಟುತ್ತದಾ? ಇದನ್ನು ಟಿ ಹೇಳುವುದಿಲ್ಲ.

ಅಂದ ಹಾಗೆ, ಈ ಲೆಕ್ಕ ಹುಟ್ಟಿದ್ದು ಬಿಯರ್ ಕಂಪನಿಯಲ್ಲಿ. ಡಬ್ಲಿನ್‌ನ ಗಿನ್ನೆಸ್‌ನಲ್ಲಿದ್ದ ವಿಲಿಯಂ ಗಾಸೆಟ್‌ಗೂ ನಿಮ್ಮದೇ ತಾಪತ್ರಯ: ಕೈಯಲ್ಲಿರುವ ಮಾದರಿ ಕೆಲವೇ ಕೆಲವು, ತೀರ್ಮಾನ ಮಾತ್ರ ದೊಡ್ಡದು. 1908ರಲ್ಲಿ ‘ಸ್ಟೂಡೆಂಟ್’ ಅನ್ನೋ ಗುಪ್ತನಾಮದಲ್ಲಿ ಪ್ರಕಟಿಸಿದರು.

ಪ್ರಶ್ನೆ: ಎರಡು ಆಲೂಗಡ್ಡೆ ತಳಿಗಳ ಇಳುವರಿ ಹೋಲಿಸಿದೆ. ಪಿ ಬೆಲೆ 0.06 ಬಂತು. ಅಂಗಮಾರಿ ಬಿದ್ದ ಎರಡು ಪ್ಲಾಟ್ ತೆಗೆದರೆ 0.04 ಆಗುತ್ತದೆ. ‘ತೆಗೆದುಬಿಡು’ ಅನ್ನುತ್ತಾರೆ ಸೀನಿಯರ್. ತೆಗೆಯಲಾ ಸರ್?
(ವಿದ್ಯಾರ್ಥಿನಿ, ಹಾಸನ)

ಉತ್ತರ: ಬೇಡಮ್ಮ. ಯಾವ ಪ್ಲಾಟ್ ಬಿಡಬೇಕು ಅನ್ನೋ ನಿಯಮ ಬಿತ್ತನೆಗೆ ಮುಂಚೆ ಬರೆದಿಟ್ಟಿದ್ದರೆ ಸರಿ. ಉತ್ತರ ನೋಡಿಕೊಂಡು ತೆಗೆಯುವುದು ಸರಿಯಲ್ಲ. ಅಲ್ಲದೆ ಅಂಗಮಾರಿಗೆ ಬೇಗ ಸಿಕ್ಕುವುದು ಆ ತಳಿಯ ಗುಣವೇ ಇರಬಹುದು, ಅಲ್ವಾ? ಹಾಸನದ ರೈತನಿಗೆ ಬೇಕಾಗಿರುವುದೇ ಆ ಮಾಹಿತಿ. ಶೇ. 5 (0.05) ಅನ್ನೋದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಇಟ್ಟುಕೊಂಡ ಗಡಿ. 0.06ಕ್ಕೂ 0.04ಕ್ಕೂ ನಡುವೆ ಗೋಡೆಯೇನೂ ಇಲ್ಲ. 0.06 ಅಂತಲೇ ಬರಿ. ಆ ಎರಡು ಪ್ಲಾಟ್ ಬಿಟ್ಟರೆ ಎಷ್ಟಾಗುತ್ತದೆ ಅನ್ನೋದನ್ನೂ ಕೆಳಗೆ ಬರಿ. ‘ವ್ಯತ್ಯಾಸವೇ ಇಲ್ಲ’ ಅಂತ ಮಾತ್ರ ಬರೀಬೇಡ.

ಪ್ರಶ್ನೆ: ಇದನ್ನೆಲ್ಲ ಎಕ್ಸೆಲ್‌ನಲ್ಲಿ ಮಾಡಬಹುದಾ?
(ಓದುಗರು, ಬೇಲೂರು)

ಉತ್ತರ: ಧಾರಾಳವಾಗಿ. ‘ಟಿ.ಟೆಸ್ಟ್’ ಅನ್ನೋ ಫಂಕ್ಷನ್ ಇದೆ. ಎರಡು ಗುಂಪಿನ ಅಂಕಿಗಳನ್ನು ಕೊಟ್ಟು, ಟೇಲ್ಸ್ ಜಾಗದಲ್ಲಿ 2 ಹಾಕಿ. ಟೈಪ್ ಜಾಗದಲ್ಲಿ ಜೋಡಿ ಗಿಡವಾದರೆ 1, ಎರಡೂ ಗುಂಪಿನ ಏರುಪೇರು ಒಂದೇ ಅಂತ ನಂಬಿದರೆ 2, ಅನುಮಾನವಿದ್ದರೆ 3. ಬರುವುದು ಟಿ ಅಲ್ಲ, ನೇರವಾಗಿ ಪಿ ಬೆಲೆ. ಮೂಡಿಗೆರೆಯವರ ಅಂಕಿಗಳನ್ನೇ ಹಾಕಿ ನೋಡಿ, 0.25 ಬಂದರೆ ಸರಿಯಾಗಿ ಒತ್ತಿದ್ದೀರಿ.