1978ರ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್ ತಗೋಬಹುದಾ, ಜೊತೆಗೆ ಅದೇ ಕಾಲದ ಆಂಪ್ (ಆಂಪ್ಲಿಫೈಯರ್) ಕೂಡ?

ಬೇಸ್ ತಗೊಳ್ಳಿ, ಆಂಪ್ ಬಿಟ್ಬಿಡಿ. ಯಾಕೆ ಅಂತ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ನೀವು ಬರೆದಿರೋ ಪ್ರಕಾರ ನ್ಯೂಜೆರ್ಸಿಲಿ ಒಬ್ರು 1978ರ ಪ್ರಿಸಿಷನ್ ಬೇಸ್‌ನ 2,500 ಡಾಲರ್‌ಗೆ ಕೊಡ್ತಿದಾರೆ, ಮೇಲೆ ಇನ್ನೊಂದಿಷ್ಟು ಹಾಕಿದ್ರೆ ಹಳೇ ಆಂಪೆಗ್ ಎಸ್‌ವಿಟಿ ಹೆಡ್ಡು (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ), ಎಂಟು ಸ್ಪೀಕರಿನ ಕ್ಯಾಬಿನೆಟ್ಟು ಎರಡೂ ಸೇರಿಸಿ ಕೊಡ್ತಾರಂತೆ, ನೀವಿರೋದು ಅಪಾರ್ಟ್‌ಮೆಂಟಲ್ಲಿ, ನುಡಿಸೋದು ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಮತ್ತೆ ವೀಕೆಂಡ್ ಫ್ರೆಂಡ್ಸ್ ಜೊತೆ, ಇನ್ನೆರಡು ಮೂರು ವರ್ಷಕ್ಕೆ ಬೆಂಗಳೂರಿಗೆ ವಾಪಸ್ ಹೋಗೋ ಯೋಚನೆನೂ ಇದೆ. ನಾನೂ ಈ ಕಡೆನೇ ಇರೋನು, ಬಹಳ ವರ್ಷದಿಂದ ಹಳೇ ಬೇಸ್‌ಗಳನ್ನ ಕೊಳ್ತಾ, ನುಡಿಸ್ತಾ, ಮಾರ್ತಾ ಬಂದಿದೀನಿ.

ರೇಟು ಸರಿಯಾಗೇ ಇದೆ, ಎಲ್ಲಾ ಒರಿಜಿನಲ್ ಆಗಿದ್ರೆ ಮಾತ್ರ. ಫೆಂಡರ್‌ನವರು ಮೊದಲ ಪ್ರಿಸಿಷನ್ ತಂದಿದ್ದು 1951ರಲ್ಲಿ, ಈಗ ನಾವು ನೋಡೋ ಎರಡು ಭಾಗದ ಪಿಕಪ್ (ತಂತಿ ಅದುರೋದನ್ನ ವಿದ್ಯುತ್ ಸಿಗ್ನಲ್ ಮಾಡೋ ಭಾಗ) ಬಂದಿದ್ದು 1957ರಲ್ಲಿ, ಅವರದೇ ಇನ್ನೊಂದು ಮಾಡೆಲ್ ಜಾಝ್ ಬೇಸ್ 1960ರಲ್ಲಿ. 1965ರ ಜನವರಿಲಿ ಲಿಯೋ ಫೆಂಡರ್ ತಮ್ಮ ಕಂಪನಿನ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರ್‌ಗೆ ಮಾರಿದ್ರು, ಕಲೆಕ್ಟರ್‌ಗಳು ಗೆರೆ ಎಳೆಯೋದು ಅಲ್ಲೇ. ಅದಕ್ಕಿಂತ ಮುಂಚಿನವು ನಮ್ಮಂಥವರ ಕೈಗೆ ಸಿಗೋ ರೇಟಲ್ಲಿಲ್ಲ. 70ರ ದಶಕದವನ್ನ ಜನ ಬೈತಾರೆ: ತೂಕ ಜಾಸ್ತಿ, ಪಾಲಿಯೆಸ್ಟರ್ ಫಿನಿಶ್ ದಪ್ಪ, ನೆಕ್ (ಬೆರಳಿಟ್ಟು ತಂತಿ ಒತ್ತೋ ಉದ್ದನೆ ಕತ್ತು) ಕೂರೋ ಜಾಗದಲ್ಲಿ ಸಂದಿ ಬಿಟ್ಟಿರುತ್ತೆ ಅಂತ. ಇದೆಲ್ಲಾ ನಿಜಾನೇ, ಆದ್ರೆ ಒಂದರಂತೆ ಇನ್ನೊಂದಿರಲ್ಲ, ಅದರಲ್ಲೂ ಪ್ರಿಸಿಷನ್ ತುಂಬಾ ಸರಳವಾದ ವಾದ್ಯ, ಒಂದು ಪಿಕಪ್ಪು, ಒಂದು ವಾಲ್ಯೂಮು, ಒಂದು ಟೋನು, ಅಷ್ಟೇ, ಹಾಳಾಗೋಕೆ ಒಳಗೆ ಹೆಚ್ಚೇನೂ ಇಲ್ಲ. ಒಳ್ಳೇದು ಸಿಕ್ಕಿದ್ರೆ ಜೀವನಪೂರ್ತಿ ನುಡಿಸಬಹುದು.

ಈಗ ಮುಖ್ಯವಾದ ವಿಷಯ, ನೆಕ್. ಪಿಕಪ್ ಸತ್ತಿದ್ರೆ ಮತ್ತೆ ಸುತ್ತಿಸಬಹುದು, ವೈರ್ ಬೆಸುಗೆ ಹಾಕಿಸಬಹುದು, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಭಾಗ) ಬದಲಾಯಿಸಬಹುದು, ನೆಕ್ ತಿರುಚಿಕೊಂಡಿದ್ರೆ ಮಾತ್ರ ಏನೂ ಮಾಡಕ್ಕಾಗಲ್ಲ. ಅಲ್ಲಿ ಹೋದಾಗ ಮೊದಲು ಬೇಸ್‌ನ ಟ್ಯೂನ್ ಮಾಡಿ, ಯಾಕಂದ್ರೆ ತಂತಿ ಸಡಿಲ ಇದ್ರೆ ನೆಕ್‌ನ ನಿಜ ಸ್ಥಿತಿ ಗೊತ್ತಾಗಲ್ಲ, ಆಮೇಲೆ ಬಾಡಿನ ತೊಡೆ ಮೇಲೆ ನಿಲ್ಲಿಸ್ಕೊಂಡು ಬ್ರಿಡ್ಜ್ ಕಡೆಯಿಂದ ಹೆಡ್‌ಸ್ಟಾಕ್ (ಬಿರಡೆಗಳಿರೋ ತುದಿ) ಕಡೆಗೆ ಒಂದೇ ಕಣ್ಣಲ್ಲಿ ನೋಡಿ, ಎರಡೂ ಅಂಚು ಒಂದೇ ಥರ ಬಾಗಿದ್ರೆ ಪರವಾಗಿಲ್ಲ, ಒಂದು ಅಂಚು ಮೇಲೆ ಇನ್ನೊಂದು ಕೆಳಗೆ ಹೋಗ್ತಿದ್ರೆ ಅಲ್ಲಿಂದ ನಮಸ್ಕಾರ ಹೇಳಿ ಹೊರಟುಬಿಡಿ. ಆಮೇಲೆ ಎಡಗೈಲಿ ಮೊದಲನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ), ಬಲಗೈಲಿ ನೆಕ್ಕು ಬಾಡಿ ಸೇರೋ ಕಡೆ ಇರೋ ಫ್ರೆಟ್ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಹತ್ರ ತಂತಿ ಕೆಳಗೆ ಎಷ್ಟು ಜಾಗ ಇದೆ ನೋಡಿ. ವಿಸಿಟಿಂಗ್ ಕಾರ್ಡ್ ದಪ್ಪಕ್ಕೆ ಇದ್ರೆ ಚೆನ್ನಾಗಿದೆ. ಅದಕ್ಕಿಂತ ತುಂಬಾ ಜಾಸ್ತಿ ಇದ್ರೆ ನೆಕ್ ಒಳಗಿರೋ ಟ್ರಸ್ ರಾಡ್ (ಬಾಗು ಸರಿಮಾಡೋ ಕಂಬಿ) ಬಿಗಿ ಮಾಡ್ಬೇಕು, ಈ ಮಾಡೆಲ್‌ನಲ್ಲಿ ಅದರ ನಟ್ ನೆಕ್‌ನ ಬುಡದಲ್ಲಿರುತ್ತೆ, ಹಾಗಾಗಿ ನೆಕ್ ಬಿಚ್ಚದೆ ಸರಿಯಾಗಿ ತಿರುಗಿಸೋಕಾಗಲ್ಲ. ಬಿಚ್ಚೋಕೆ ಒಪ್ತೀರಾ ಅಂತ ಮುಂಚೆನೇ ಫೋನಲ್ಲಿ ಕೇಳಿ. ರಾಡ್ ಈಗಾಗ್ಲೇ ಕೊನೆವರೆಗೂ ಬಿಗಿ ಆಗಿದ್ದೂ ನೆಕ್ ಇನ್ನೂ ಬಾಗಿದ್ರೆ ತಗೋಬೇಡಿ, ಎಷ್ಟೇ ಚೆಂದ ಕಂಡ್ರೂ.

ಫ್ರೆಟ್ ಸವೆದಿದ್ರೆ ಚೌಕಾಸಿ ಮಾಡೋಕೆ ಒಳ್ಳೇ ಕಾರಣ. ಹೊಸ ಫ್ರೆಟ್ ಹಾಕಿಸೋಕೆ ಇಲ್ಲಿ ಕೆಲವು ನೂರು ಡಾಲರ್ ಆಗುತ್ತೆ, ಬೋರ್ಡು (ಫ್ರೆಟ್ ಕೂರೋ ಹಲಗೆ) ಮೇಪಲ್ ಮರದ್ದಾದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಮೇಲಿನ ಫಿನಿಶ್‌ನೂ ಮತ್ತೆ ಹಾಕ್ಬೇಕು.

ನಿಜವಾಗ್ಲೂ 1978ರದ್ದಾ ಅಂತ ನೋಡೋದು ಹೇಗೆ? 1976ರಿಂದ ಸೀರಿಯಲ್ ನಂಬರ್ ಹೆಡ್‌ಸ್ಟಾಕ್ ಮೇಲೇ ಇರುತ್ತೆ, ಎಸ್ ಅಕ್ಷರದಿಂದ ಶುರು, ಎಸ್ ಅಂದ್ರೆ ಸೆವೆಂಟೀಸ್, ಮುಂದಿನ ಅಂಕಿ ವರ್ಷ. ಆದ್ರೆ ಅದೊಂದನ್ನೇ ನಂಬ್ಬೇಡಿ, ಒಂದು ವರ್ಷದ ಸ್ಟಿಕ್ಕರ್ ಇನ್ನೊಂದು ವರ್ಷಕ್ಕೂ ಬಳಸಿದಾರೆ, ಅದೂ ಅಲ್ದೆ ನೆಕ್ ಒಂದರದ್ದು ಬಾಡಿ ಇನ್ನೊಂದರದ್ದು ಆಗಿರಬಹುದು. ಪಿಕ್‌ಗಾರ್ಡ್ (ಬಾಡಿ ಮೇಲಿನ ಪ್ಲಾಸ್ಟಿಕ್ ಹಾಳೆ) ಬಿಚ್ಚಿ ವಾಲ್ಯೂಮ್ ಪಾಟ್ (ಗುಂಡಿ ಕೆಳಗಿರೋ ಭಾಗ) ನೋಡಿ, ಲೋಹದ ಮೇಲೆ ಅಂಕಿ ಒತ್ತಿರುತ್ತೆ. ಉದಾಹರಣೆಗೆ 1377815 ಅಂತಿದ್ರೆ, 137 ಅನ್ನೋದು ಪಾಟ್ ಮಾಡಿದ ಸಿಟಿಎಸ್ ಕಂಪನಿ ಕೋಡ್, 78 ವರ್ಷ, 15 ಅಂದ್ರೆ ಆ ವರ್ಷದ ಹದಿನೈದನೇ ವಾರ. ಬೇಸ್ ಅದಕ್ಕಿಂತ ಹಳೇದಾಗಿರೋಕೆ ಸಾಧ್ಯ ಇಲ್ಲ, ಪಾಟ್ ಆಮೇಲೆ ಬದಲಾಯಿಸಿದ್ರೆ ಬೇರೆ ಮಾತು, ಅದನ್ನ ಬೆಸುಗೆ ನೋಡಿದ್ರೇ ಹೇಳಬಹುದು, ಹಳೇ ಬೆಸುಗೆ ಮಂಕಾಗಿ ಒಂದೇ ಥರ ಇರುತ್ತೆ, ಯಾರೋ ಆಮೇಲೆ ಕೈ ಹಾಕಿದ ಕಡೆ ಹೊಳಪಾಗಿ ಗಂಟು ಗಂಟಾಗಿರುತ್ತೆ. ಇನ್ನು ಬಾಡಿಗೆ ಮತ್ತೆ ಬಣ್ಣ ಹೊಡೆಸಿದ್ರೆ ಬೆಲೆ ಹತ್ರತ್ರ ಅರ್ಧಕ್ಕೆ ಇಳಿಯುತ್ತೆ. ನುಡಿಸೋಕೆ ಬೇಕು ಅನ್ನೋರಿಗೆ ಅದೇ ಒಳ್ಳೇ ವ್ಯಾಪಾರ, ನಾದ ಏನೂ ಅರ್ಧ ಆಗಲ್ವಲ್ಲ. ಬಣ್ಣ ಹೊಡೆಸಿರೋದಕ್ಕೆ 2,500 ಮಾತ್ರ ಕೊಡ್ಬೇಡಿ.

ತೂಕನೂ ನೋಡಿ. ಆ ಕಾಲದ ಆ್ಯಶ್ ಬಾಡಿಗಳು ಐದು ಕೆಜಿ ಹತ್ರ ಹೋಗ್ತವೆ. ಕೂತು ನುಡಿಸಿದಾಗ ಗೊತ್ತಾಗಲ್ಲ, ಅರ್ಧ ಗಂಟೆ ನಿಂತು ನುಡಿಸಿ ನೋಡಿ, ಭುಜ ಏನು ಹೇಳುತ್ತೆ ಅಂತ. ಅಗಲವಾದ ಪಟ್ಟಿ ಹಾಕಿದ್ರೆ ಸ್ವಲ್ಪ ತಡೀಬಹುದು. ಭುಜ ಒಪ್ಪಲಿಲ್ಲ ಅಂದ್ರೆ 1982ರಿಂದ 84ರವರೆಗಿನ ಜಪಾನ್ ಫೆಂಡರ್‌ಗಳನ್ನ ಹುಡುಕಿ, ಜೆವಿ ಸೀರಿಯಲ್ ಇರೋವು, ಕೆಲಸ ಅಷ್ಟು ನೀಟು ಅಂದ್ರೆ ಕೈಲಿ ಹಿಡಿದ್ರೇ ಗೊತ್ತಾಗುತ್ತೆ.

ಸೌಂಡ್ ಬಗ್ಗೆ ಕೇಳಿದ್ರಲ್ಲ, ಹಳೇ ಸೌಂಡ್ ಬೇಕಾದ್ರೆ ಹಳೇ ಆಂಪ್ ಬೇಕಾ ಅಂತ. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರನ್ನೇ ತಗೊಳ್ಳಿ. 1962ರ ಪ್ರಿಸಿಷನ್, ಲಾ ಬೆಲ್ಲಾ ಫ್ಲಾಟ್‌ವೌಂಡ್ ತಂತಿ (ಮೇಲ್ಮೈ ನಯವಾಗಿರೋದು), ಅದನ್ನ ಬದಲಾಯಿಸ್ತಾನೇ ಇರ್ಲಿಲ್ಲ, ಬ್ರಿಡ್ಜ್ ಕವರ್ ಕೆಳಗೆ ಫೋಮ್ ತುಂಡು, ಬಲಗೈಲಿ ತೋರುಬೆರಳು ಒಂದೇ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್‌ನ ಹೆಚ್ಚಾಗಿ ನೇರವಾಗಿ ಮಿಕ್ಸರ್ ಕನ್ಸೋಲ್‌ಗೇ ಹಾಕಿ ರೆಕಾರ್ಡ್ ಮಾಡ್ತಿದ್ರು, ಮಧ್ಯೆ ಆಂಪೇ ಇರ್ಲಿಲ್ಲ. ಅಂದ್ರೆ ಆ ದುಂಡಗಿನ ಸೌಂಡ್ ಬೆರಳು, ತಂತಿ, ಪಿಕಪ್ ಮೂರರಲ್ಲೇ ಇದೆ. ನಿಮ್ಮ ಬೇಸ್‌ಗೆ ಒಂದು ಸೆಟ್ ಫ್ಲಾಟ್‌ವೌಂಡ್ ಹಾಕಿ, ಟೋನ್ ಅರ್ಧ ಇಳಿಸಿ, ಕೂಟದಲ್ಲಿ ನೀವು ನುಡಿಸೋ ಇಳೆಯರಾಜ ಅವರ ಹಾಡುಗಳ ಬೇಸ್ ಎಷ್ಟು ಚೆನ್ನಾಗಿ ಕೂರುತ್ತೆ ಅಂತ ನೋಡಿ, ನನಗಂತೂ ಅದನ್ನ ಕೇಳೋದೇ ಒಂದು ಹಬ್ಬ.

ಇನ್ನು ಆ ಎಸ್‌ವಿಟಿ. ಅದರ ಬಗ್ಗೆ ನನಗೆ ಬಹಳ ಗೌರವ ಇದೆ. 1969ರಲ್ಲಿ ಬಂದಿದ್ದು, 300 ವಾಟ್, ಹದಿನಾಲ್ಕು ಟ್ಯೂಬ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್), ರೋಲಿಂಗ್ ಸ್ಟೋನ್ಸ್ ಆ ವರ್ಷದ ಅಮೆರಿಕ ಟೂರ್‌ಗೇ ಅದನ್ನ ತಗೊಂಡು ಹೋಗಿದ್ರು. ದೊಡ್ಡ ಸ್ಟೇಡಿಯಂಗೆ ಅಂತ ಕಟ್ಟಿದ ಯಂತ್ರ. ಹೆಡ್ಡೇ ಮೂವತ್ತೈದು ಕೆಜಿಗಿಂತ ಜಾಸ್ತಿ, ಕ್ಯಾಬಿನೆಟ್ ಅದಕ್ಕಿಂತಲೂ ಭಾರ. ಟ್ಯೂಬ್ ಆಂಪ್ ಚೆನ್ನಾಗಿ ಹಾಡೋದು ಜೋರಾಗಿ ಇಟ್ಟಾಗ, ಅಪಾರ್ಟ್‌ಮೆಂಟಲ್ಲಿ ನಿಮಗೆ ಆ ಜಾಗಕ್ಕೆ ಹೋಗೋಕೆ ಆಗಲ್ಲ. ಪವರ್ ಟ್ಯೂಬ್ ಆರು ಇವೆ, ಒಂದಕ್ಕೊಂದು ಮ್ಯಾಚ್ ಆಗಿರೋ ಸೆಟ್ಟೇ ಹಾಕ್ಬೇಕು, ದುಬಾರಿ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಇಷ್ಟು ವರ್ಷಕ್ಕೆ ಒಣಗಿರ್ತವೆ, ಬದಲಾಯಿಸಲೇಬೇಕು. ದಯವಿಟ್ಟು ನೀವೇ ಬಿಚ್ಚೋಕೆ ಹೋಗ್ಬೇಡಿ, ಒಳಗೆ 700 ವೋಲ್ಟ್ ಓಡುತ್ತೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯೋಷ್ಟು ಕರೆಂಟ್ ಉಳಿದಿರುತ್ತೆ. ಸ್ಪೀಕರ್ ಹಾಕದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ನಂಬಿಕಸ್ಥ ಟೆಕ್ನಿಷಿಯನ್ ಹತ್ತಿರದಲ್ಲಿದ್ದು, ಸ್ವಂತ ಮನೆ, ಗ್ಯಾರೇಜ್ ಇದ್ರೆ ನಾನೇ ತಗೊಳ್ಳಿ ಅಂತಿದ್ದೆ. ಹಳೇ ಆಂಪೇ ಬೇಕು ಅನ್ನೋ ಆಸೆ ಇದ್ರೆ 80ರ ದಶಕದ ಗ್ಯಾಲಿಯನ್ ಕ್ರೂಗರ್ 800ಆರ್‌ಬಿ ನೋಡಿ, ಟ್ಯೂಬ್ ಇಲ್ಲ, ಗಟ್ಟಿಮುಟ್ಟು, ಒಬ್ರೇ ಒಂದು ಕೈಲಿ ಎತ್ಕೊಂಡು ಹೋಗಬಹುದು.

ನಿಮಗೆ ನಾನು ಹೇಳೋದು: ಈಗಿನ ಕ್ಲಾಸ್ ಡಿ (ಹೊಸ, ಹಗುರ ತಂತ್ರದ) ಹೆಡ್ಡು, 500 ವಾಟಿನದ್ದು, ಎರಡು ಮೂರು ಕೆಜಿ ಇರುತ್ತೆ, ಅದಕ್ಕೆ 8 ಓಮ್‌ನ (ಓಮ್ ಅಂದ್ರೆ ವಿದ್ಯುತ್ ತಡೆಯ ಅಳತೆ) ಒಂದು ಕ್ಯಾಬಿನೆಟ್, ಹನ್ನೆರಡು ಇಂಚಿಂದು ಒಂದು ಸ್ಪೀಕರ್ ಅಥವಾ ಹತ್ತು ಇಂಚಿಂದು ಎರಡು. ದುಡ್ಡು ಉಳಿದಿದ್ರೆ ಕ್ಯಾಬಿನೆಟ್‌ಗೆ ಹಾಕಿ, ಹೆಡ್‌ಗಲ್ಲ. ವಾಟ್ ಎರಡರಷ್ಟು ಮಾಡಿದ್ರೂ ಸಿಗೋದು 3 ಡೆಸಿಬೆಲ್ ಮಾತ್ರ, ಒಳ್ಳೇ ಸ್ಪೀಕರ್ ಅಷ್ಟೇ ವಾಟ್‌ಗೆ ಅದಕ್ಕಿಂತ ಜಾಸ್ತಿ ಕೊಡಬಹುದು. 500 ವಾಟ್ ಅಂತ ಬರೆದಿರೋದು ಸಾಮಾನ್ಯವಾಗಿ 4 ಓಮ್‌ಗೆ, 8 ಓಮ್‌ನ ಒಂದೇ ಕ್ಯಾಬಿನೆಟ್‌ಗೆ ಸುಮಾರು ಅರ್ಧ ಸಿಗುತ್ತೆ, ಮುಂದೆ ಅಂಥದ್ದೇ ಇನ್ನೊಂದು ಸೇರಿಸಿದ್ರೆ ಎರಡೂ ಸೇರಿ 4 ಓಮ್ ಆಗಿ ಪೂರ್ತಿ ಬರುತ್ತೆ. ಮೂರನೇದು ಮಾತ್ರ ಸೇರಿಸ್ಬೇಡಿ, ಹೆಡ್ ತಡ್ಕೊಳ್ಳುತ್ತಾ ಅಂತ ಹಿಂದೆ ಬರೆದಿರೋ ಕನಿಷ್ಠ ಓಮ್ ನೋಡದೆ. ಕೂಟದ ಹಾಲ್‌ಗಳಲ್ಲಿ ಸೌಂಡಿನವರು ಹೆಡ್‌ನ ಡಿಐ (ನೇರ ಸಿಗ್ನಲ್) ಔಟ್‌ನಿಂದ ಲೈನ್ ತಗೊಂಡು ಪಿಎಗೆ (ಹಾಲಿನ ದೊಡ್ಡ ಸ್ಪೀಕರ್ ವ್ಯವಸ್ಥೆಗೆ) ಹಾಕ್ತಾರೆ, ಸ್ಟೇಜ್ ಮೇಲೆ ನಿಮಗೂ ಡ್ರಮ್ಮರ್‌ಗೂ ಕೇಳಿಸಿದ್ರೆ ಸಾಕು. ಮನೇಲಿ ಹೆಡ್‌ಫೋನ್. ಗಿಟಾರ್ ಆಂಪ್‌ಗೆ ಮಾತ್ರ ಜೋರಾಗಿ ನುಡಿಸ್ಬೇಡಿ, ದಪ್ಪ ತಂತಿ 41 ಹರ್ಟ್ಸ್‌ವರೆಗೆ ಇಳಿಯುತ್ತೆ, ಆ ಸ್ಪೀಕರ್ ಅದಕ್ಕೆ ಮಾಡಿದ್ದಲ್ಲ.

ಬೆಂಗಳೂರಿಗೆ ಒಯ್ಯೋ ವಿಷಯ. ಬೋರ್ಡ್ ಮೇಪಲ್ ಆದ್ರೆ ಯೋಚನೆನೇ ಇಲ್ಲ. ರೋಸ್‌ವುಡ್ ಆದ್ರೆ 78ರ ಹೊತ್ತಿಗೆ ಭಾರತದ ರೋಸ್‌ವುಡ್ ಬಳಸ್ತಿದ್ರು, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯೋ ಅದೇ ಬೀಟೆ ಜಾತಿ. 2017ರಿಂದ ಅದನ್ನೂ ಗಡಿ ದಾಟಿಸಿ ಮಾರೋಕೆ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರ್ಮಿಟ್ ಬೇಕಾಗ್ತಿತ್ತು, 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯ್ತಿ ಇದೆ. 60ರ ದಶಕದ ಶುರುವಿನ ಬ್ರೆಜಿಲ್ ರೋಸ್‌ವುಡ್ ಬೇಸ್ ಯಾವತ್ತಾದ್ರೂ ಕೊಂಡ್ರೆ ಅದಕ್ಕೆ ಕಾಗದಪತ್ರ ಬೇಕು, ಅದು 1992ರಿಂದ ಅತಿ ಬಿಗಿಯಾದ ಪಟ್ಟಿಲಿದೆ. ಇಲ್ಲಿನ ಚಳಿಗಾಲದ ಹೀಟರ್ ಒಣ ಗಾಳಿಗೆ ಒಗ್ಗಿದ ನೆಕ್ ಅಲ್ಲಿನ ಮಳೆಗಾಲದಲ್ಲಿ ಅಲ್ಲಾಡುತ್ತೆ, ಹೋದ ಮೇಲೆ ಒಂದೆರಡು ವಾರ ಬಿಟ್ಟು ಟ್ರಸ್ ರಾಡ್ ಸೆಟ್ ಮಾಡಿಸಿ. ಆಂಪ್ ಕೊಳ್ಳುವಾಗ ಹಿಂದಿನ ಲೇಬಲ್ ಓದಿ, 100-240 ವೋಲ್ಟ್ ಅಂತಿದ್ರೆ ಪವರ್ ಕಾರ್ಡ್ ಬದಲಾಯಿಸಿದ್ರೆ ಸಾಕು, 120 ಮಾತ್ರ ಇದ್ರೆ ಅಲ್ಲಿ 230ಕ್ಕೆ ನೇರವಾಗಿ ಹಾಕ್ಬೇಡಿ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತೆ.