ಬಕೆಟ್ಟಿಗೆ ಅಂಟು ಏಕೆ ಹಿಡಿಯುವುದಿಲ್ಲ?

ಪ್ರಶ್ನೆ: ಬಿರುಕು ಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿಗೆ ಮೊದಲು ಸೂಪರ್ ಗ್ಲೂ, ಆಮೇಲೆ ಎಪಾಕ್ಸಿ ಹಚ್ಚಿದೆ. ಎರಡೂ ಗಟ್ಟಿಯಾದವು, ಆದರೆ ಸಿಪ್ಪೆ ಸುಲಿದಂತೆ ಎದ್ದುಬಂದವು. ಅದೇ ಎಪಾಕ್ಸಿ ಪಿವಿಸಿ ತುಂಡನ್ನು ಭದ್ರವಾಗಿ ಹಿಡಿದಿದೆ. ಏಕೆ ಹೀಗೆ?

ಉತ್ತರ: ನಿಮ್ಮ ಅಂಟು ಚೆನ್ನಾಗಿಯೇ ಇದೆ. ಬಕೆಟ್ ಹೆಚ್ಚಾಗಿ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನಿನದು. ತಳದ ತ್ರಿಕೋನದೊಳಗೆ 2 ಅಥವಾ 4 ಇದ್ದರೆ ಮೊದಲನೆಯದು, 5 ಇದ್ದರೆ ಎರಡನೆಯದು. ಗುರುತು ಅಳಿಸಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ ನೋಡಿ: ಇವು ಸಾಮಾನ್ಯವಾಗಿ ತೇಲುತ್ತವೆ, ಪಿವಿಸಿ ಮುಳುಗುತ್ತದೆ.

ಇವೆರಡರ ಅಣುಸರಪಳಿಯಲ್ಲಿ ಇರುವುದು ಇಂಗಾಲ, ಜಲಜನಕ ಮಾತ್ರ. ಪಿವಿಸಿಯಲ್ಲಾದರೆ ಕ್ಲೋರಿನ್ ಇದೆ. ಅದು ಇಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಅಂಟಿನ ಅಣುಗಳಿಗೆ ಅಲ್ಲಿ ಆಸರೆ ಸಿಗುತ್ತದೆ. ಮೇಲ್ಮೈ ಶಕ್ತಿಯ (ಮೈ ತನ್ನ ಮೇಲಿನ ದ್ರವವನ್ನು ಎಷ್ಟು ಸೆಳೆದು ಹರಡಿಸುತ್ತದೆ ಎಂಬುದರ ಅಳತೆ) ಲೆಕ್ಕದಲ್ಲಿ ಪಾಲಿಪ್ರೊಪಿಲೀನ್ ಚದರ ಮೀಟರಿಗೆ ಸುಮಾರು 30 ಮಿಲಿಜೌಲ್, ಪಿವಿಸಿ ಸುಮಾರು 40. ಎಪಾಕ್ಸಿ ಇನ್ನೂ ಹೆಚ್ಚಿನದು. ಹಾಗಾಗಿ ಅದು ಬಕೆಟ್ಟಿನ ಮೈಮೇಲೆ ಹರಡದೆ ತನ್ನಷ್ಟಕ್ಕೇ ಮುದುಡಿಕೊಳ್ಳುತ್ತದೆ. ಮೈ ಅಂಟಿನಿಂದ ಒದ್ದೆಯಾಗದೆ ಬಂಧ ಹುಟ್ಟುವುದಿಲ್ಲ. ಉಪ್ಪುಕಾಗದದಿಂದ ಉಜ್ಜುವುದೊಂದೇ ಸಾಲದು. ಗೀರುಗಳೊಳಗೆ ಅಂಟು ಇಳಿಯದೆ ಗಾಳಿ ಉಳಿದುಬಿಡುತ್ತದೆ.

ಸಣ್ಣ ಕೆಲಸಕ್ಕೆ, ಪಾಲಿಒಲೆಫಿನ್ (ಈ ಎರಡು ಪ್ಲಾಸ್ಟಿಕ್‌ಗಳ ಗುಂಪಿನ ಹೆಸರು) ಪ್ರೈಮರ್, ಅಂದರೆ ಅಂಟಿಗೆ ಮೊದಲು ಸವರುವ ದ್ರವ, ಜೊತೆಗೇ ಬರುವ ಸೂಪರ್ ಗ್ಲೂ ಕೊಳ್ಳಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ತೆಗೆದು, ಪ್ರೈಮರನ್ನು ತೆಳ್ಳಗೆ ಸವರಿ, ಅದು ಆರಿದ ಮೇಲೆ ಒಂದೆರಡು ಹನಿ ಅಂಟು ಹಾಕಿ ಒತ್ತಿಹಿಡಿಯಿರಿ. ಹೆಚ್ಚು ಸುರಿದಷ್ಟೂ ಕೀಲು ದುರ್ಬಲ.

ಎಪಾಕ್ಸಿಯೇ ಬೇಕೆಂದರೆ ಮೈಗೆ ಜ್ವಾಲೆ ತೋರಿಸಬೇಕು. ಬರ್ನರಿನ ನೀಲಿ ಜ್ವಾಲೆಯ ತುದಿಯನ್ನು ಒಂದು ಕಡೆ ಒಂದು ಸೆಕೆಂಡೂ ನಿಲ್ಲಿಸದೆ ಸರಸರನೆ ಆಡಿಸಿ. ಹಳದಿ ಜ್ವಾಲೆ ಬೇಡ, ಮಸಿ ಕೂರುತ್ತದೆ. ಹತ್ತಿರ ಆಲ್ಕೊಹಾಲ್, ಪ್ರೈಮರ್ ಇರಕೂಡದು. ಎರಡಕ್ಕೂ ಬೆಂಕಿ ತಗಲುತ್ತದೆ. ಅಂಟಿಗೆ ಆಸರೆಯಾಗುವ ಆಮ್ಲಜನಕ ಜ್ವಾಲೆಯಿಂದ ಮೇಲ್ಪದರಕ್ಕೆ ಸೇರಿತೇ ಎಂಬುದನ್ನು ನೀರೇ ಹೇಳುತ್ತದೆ: ಮೊದಲು ಮಣಿಯಂತೆ ನಿಲ್ಲುತ್ತಿದ್ದ ಹನಿ ಈಗ ಪೊರೆಯಂತೆ ಹರಡುತ್ತದೆ. ನೀರು ಒರೆಸಿ, ಪೂರ್ತಿ ಆರಿದ ಕೂಡಲೇ ಅಂಟು ಹಚ್ಚಿ. ದಿನ ಕಳೆದಂತೆ ಈ ಗುಣ ಕುಂದುತ್ತದೆ.

ಆದರೂ ನೀರು ತುಂಬಿ ಎತ್ತುವ ಬಕೆಟ್ಟಿಗೆ ನಮ್ಮ ಸಲಹೆ ಬೆಸುಗೆಯೇ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ರಂಧ್ರ ಕೊರೆದರೆ ಅದು ಮುಂದೆ ಓಡುವುದಿಲ್ಲ. ಬಿರುಕಿನ ಉದ್ದಕ್ಕೂ ಇಂಗ್ಲಿಷ್ 'ವಿ' ಆಕಾರದ ತೋಡು ಕೆತ್ತಿ, ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕರಗಿಸಿ ತುಂಬಿ. ಕಡ್ಡಿಯಷ್ಟೇ ಅಲ್ಲ, ತೋಡಿನ ಅಂಚುಗಳೂ ಕರಗಬೇಕು. ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುವುದು ಆಗಲೇ. ಪಾಲಿಎಥಿಲೀನಿಗೆ ಪಾಲಿಪ್ರೊಪಿಲೀನ್ ಕಡ್ಡಿ ಬಳಸಬೇಡಿ. ಕರಗಿದಾಗಲೂ ಇವೆರಡು ಬೆರೆಯುವುದಿಲ್ಲ.

ಪ್ರಶ್ನೆ: ಸೂಪರ್ ಗ್ಲೂ ತನ್ನ ಬಾಟಲಿಗೇ ಏಕೆ ಅಂಟಿಕೊಳ್ಳುವುದಿಲ್ಲ?

ಉತ್ತರ: ಸೂಪರ್ ಗ್ಲೂನಲ್ಲಿರುವ ಸೈನೊಅಕ್ರಿಲೇಟ್ ಗಟ್ಟಿಯಾಗಲು ತೇವ ಬೇಕು. ಬಾಟಲಿಯೊಳಗೆ ಅದು ಇಲ್ಲ. ಜೊತೆಗೆ ಬೆರೆಸಿದ ಚೂರು ಆಮ್ಲ ಕ್ರಿಯೆಯನ್ನು ತಡೆದಿಡುತ್ತದೆ. ಬಾಟಲಿಯೂ ಸಾಮಾನ್ಯವಾಗಿ ಪಾಲಿಎಥಿಲೀನಿನದೇ. ತೆರೆದ ಬಾಟಲಿಯನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ಫ್ರಿಜ್‌ನಲ್ಲಿಟ್ಟಿದ್ದರೆ ತಣುಪು ಹೋದ ಮೇಲೆಯೇ ಮುಚ್ಚಳ ತೆಗೆಯಿರಿ. ಇಲ್ಲವಾದರೆ ಒಳಗೆ ಕೂರುವ ಇಬ್ಬನಿಯೇ ಅಂಟನ್ನು ಗಟ್ಟಿ ಮಾಡುತ್ತದೆ.